ತುಪ್ಪ ಕೊಡದ ಜೇನು

ಅರಸೀಕೆರೆ ಸೀಮೆಯ ಯಾವುದಾದರೂ ಹಿತ್ತಿಲಲ್ಲಿ, ಬಿಸಿಲೇರುವ ಹೊತ್ತಿಗೆ, ಬದನೆ ಗಿಡದ ಪಕ್ಕ ಸುಮ್ಮನೆ ಕೂತು ನೋಡಿ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ, ತುಡುವೆಗಿಂತ ತುಸು ದುಂಡಗಿನ ಜೇನೊಂದು ಸರ್ರನೆ ಬಂದು ಹೂವನ್ನು ತಬ್ಬಿಕೊಳ್ಳುತ್ತದೆ. ಕೂಡಲೇ ಝೀಂ ಎಂಬ ಸದ್ದು, ಹಾರುವಾಗ ಕೇಳುವುದಕ್ಕಿಂತ ಏರಿದ ದನಿಯಲ್ಲಿ. ಬದನೆಯ ಪರಾಗವಿರುವುದು ಹೂವಿನ ನಡುವಿನ ಹಳದಿ ಕೊಳವೆಗಳ ಒಳಗೆ. ಹೊರಬರಲು ತುದಿಯಲ್ಲಿ ಸಣ್ಣ ತೂತುಗಳಷ್ಟೇ ದಾರಿ. ಜೇನು ರೆಕ್ಕೆ ಮಡಿಚಿಟ್ಟು ಎದೆಯ ಸ್ನಾಯುಗಳನ್ನಷ್ಟೇ ನಡುಗಿಸಿದರೆ, ಜರಡಿ ಆಡಿಸಿದಂತೆ ಪುಡಿ ಉದುರುತ್ತದೆ. ಟೊಮೆಟೊಗೂ ಬಯಲುಸೀಮೆಯ ತಂಗಡಿ ಹೂವಿಗೂ ಇದೇ ವಿದ್ಯೆ ಬೇಕು. ಹೆಜ್ಜೇನಿಗಾಗಲಿ ತುಡುವೆಗಾಗಲಿ ಇದು ಬಾರದು.

ಲಿನೇಯಸ್ 1758ರಲ್ಲಿ ಈ ನೀಲಿಪಟ್ಟಿ ಜೇನಿಗೆ ಏಪಿಸ್ ಜೋನಾಟ, ಅಂದರೆ ಪಟ್ಟೆಯುಳ್ಳ ಜೇನು, ಎಂದು ಹೆಸರಿಟ್ಟ. ಆಗ ಜೇನುಗಳೆಲ್ಲ ಏಪಿಸ್ ಎಂಬ ಒಂದೇ ಕುಲದಲ್ಲಿದ್ದವು. ನಾಲಿಗೆ ಎಷ್ಟುದ್ದ, ರೆಕ್ಕೆಯ ನರಗಳು ಹೇಗೆ ಕೂಡುತ್ತವೆ, ಪರಾಗ ಹೊರುವ ಕೂದಲು ಕಾಲಿನಲ್ಲೋ ಹೊಟ್ಟೆಯಡಿಯಲ್ಲೋ ಎಂದು ನೋಡುತ್ತ ಹೋದ ಹಾಗೆ ಕುಲಗಳು ಬೇರೆಯಾದವು. ನೀಲಿಪಟ್ಟಿಯ ಕುಲ ಈಗ ಅಮೆಜಿಲ್ಲ. ಭಾರತದ ಜೇನು, ಕಣಜಗಳನ್ನು ಬಿಂಗ್‌ಹ್ಯಾಮ್ ಎಂಬ ಸೇನಾಧಿಕಾರಿ 1897ರಲ್ಲಿ ಒಂದು ಸಂಪುಟದಲ್ಲಿ ವರ್ಣಿಸಿದ. ಇಂದು ಜಗತ್ತಿನಲ್ಲಿ ಏಳು ಕುಟುಂಬಗಳ ಸುಮಾರು 20,000 ಜೇನು ಪ್ರಭೇದಗಳು ಗೊತ್ತಿವೆ, ಹೆಚ್ಚಿನವು ಒಂಟಿಯಾಗಿ ಬಾಳುವಂಥವು. ಹೆಜ್ಜೇನು, ತುಡುವೆ, ಕೋಲ್ಜೇನು, ಮುಜಂಟಿ ಎಂದು ತುಪ್ಪ ಕೊಡುವ ಒಂದೊಂದಕ್ಕೂ ಹೆಸರಿಟ್ಟ ನಾವು, ಉಳಿದವನ್ನೆಲ್ಲ ದುಂಬಿ ಎಂದುಬಿಟ್ಟೆವು. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಒಂಟಿ ಜೇನಿಗೆ ರಾಣಿಯಿಲ್ಲ, ಆಳುಗಳಿಲ್ಲ. ಮನೆ ಕಟ್ಟುವುದು, ಬುತ್ತಿ ತುಂಬುವುದು, ಬಾಗಿಲು ಮುಚ್ಚುವುದು ಎಲ್ಲ ಒಬ್ಬಳೇ ತಾಯಿ.

ಎಲೆ ಕತ್ತರಿಸುವ ಮೆಗಾಕೈಲ್ ಜೇನನ್ನೇ ನೋಡಿ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಲ್ಲಿ ಕೊರೆದಂತೆ ಅರ್ಧಚಂದ್ರದ ಕಚ್ಚು ಕಂಡರೆ ಅದು ಇವಳ ಕೆಲಸ. ಎಷ್ಟೋ ಮಂದಿ ಹುಳ ಬಿತ್ತೆಂದು ಔಷಧಿ ಹೊಡೆಯುತ್ತಾರೆ. ಅವಳು ಎಲೆ ತಿನ್ನುವುದೇ ಇಲ್ಲ. ಮೊಟ್ಟೆಯಾಕಾರದ ತುಂಡುಗಳನ್ನು ಬಿದಿರಿನ ಪೊಳ್ಳಿಗೋ ಗೋಡೆಯ ತೂತಿಗೋ ಒಯ್ದು ಕೊಟ್ಟೆಯಂತೆ ಸುತ್ತುತ್ತಾಳೆ, ಪರಾಗ ಮತ್ತು ಮಕರಂದ ಕಲಸಿದ ಬುತ್ತಿ ತುಂಬುತ್ತಾಳೆ, ಮೇಲೊಂದು ಮೊಟ್ಟೆಯಿಟ್ಟು ದುಂಡನೆಯ ತುಂಡುಗಳಿಂದ ಮುಚ್ಚುತ್ತಾಳೆ. ಹೆಣ್ಣಾಗುವ ಮೊಟ್ಟೆಗಳು ಒಳಗೆ, ಗಂಡಾಗುವವು ಬಾಗಿಲ ಕಡೆಗೆ. ಗಂಡು ಮೊದಲು ಹೊರಬರುವುದರಿಂದ ಈ ಏರ್ಪಾಡು. ರಾಗಿ ಹೊಲದ ಅಕ್ಕಡಿ ಸಾಲಿನ ತೊಗರಿ ಹೂವಿನ ದೋಣಿಯಂಥ ಎಸಳನ್ನು ಒತ್ತಿ ತೆರೆಯುವವಳೂ ಇವಳೇ. ಹೊಟ್ಟೆಯಡಿಯ ಕೂದಲೆಲ್ಲ ಹಳದಿಯಾಗಿರುತ್ತದೆ.

ನೀಲಿಪಟ್ಟಿಗೆ ಮಾತ್ರ ಮಣ್ಣೇ ಬೇಕು. ಬೇಲೂರು, ಹಳೇಬೀಡಿನ ಸುತ್ತಿನ ಊರುಗಳಲ್ಲಿ ಕೊಟ್ಟಿಗೆಯ ಹಳೆಯ ಮಣ್ಣುಗೋಡೆ ಉಳಿದಿದ್ದರೆ ಅಲ್ಲಿ ಹೆಣ್ಣುಗಳು ಕೊರೆದ ತೂತುಗಳನ್ನು ಹುಡುಕಬಹುದು. ಸಿಮೆಂಟು ಮೆತ್ತಿದ ಮೇಲೆ ಕೊರೆಯಲು ಅವಕ್ಕೆ ಆಗದು. ಒಳಗಿದ್ದ ಮರಿಗಳಿಗೂ ಹೊರಬರಲು ದಾರಿಯಿಲ್ಲ. ಗಂಡುಗಳಿಗೆ ಗೂಡೇ ಇಲ್ಲ. ಸಂಜೆ ಬೇಲಿಯ ಒಣಕಡ್ಡಿಯೊಂದನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕಾಲು ಮಡಿಚಿಕೊಂಡು, ಸಾಲಾಗಿ ನಿದ್ದೆ ಹೋಗುತ್ತವೆ.