‘ನಮ್ಮನೇಲೂ ಹೀಗೇ ರೀ’

ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮಂದಿರೇ ಸೇರಿ, ಸಂಬಳವಿಲ್ಲದೆ, ಬಿಡುವು ಮಾಡಿಕೊಂಡು ನಡೆಸುವ ಪೋಷಕರ ಬಳಗಗಳ ಪರಿಚಯ

ಕುಕ್ಕರ್ ಕೂಗಿದರೆ ಸಾಕು, ಮಗು ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಮಿಕ್ಸಿ ತಿರುಗಿದರೆ ಚೀರಾಟ. ಹಾಗಾಗಿ ಮಗು ಏಳುವ ಮೊದಲೇ, ನಾಲ್ಕೂವರೆಗೆಲ್ಲ ಎದ್ದು ಬೇಳೆ ಬೇಯಿಸಿ, ಚಟ್ನಿ ರುಬ್ಬಿಟ್ಟುಕೊಳ್ಳುವ ತಾಯಂದಿರಿದ್ದಾರೆ. ನೆಂಟರ ಮುಂದೆ ಇದನ್ನು ಹೇಳಿದರೆ ‘ನೀನೇ ಮುದ್ದು ಮಾಡಿ ಹಾಳು ಮಾಡಿದ್ದು’ ಎಂಬ ಮಾತು ಕೇಳಬೇಕಾಗುತ್ತದೆ. ಡಾಕ್ಟರ ಹತ್ತಿರ ಹೇಳೋಣವೆಂದರೆ ಸಿಗುವ ಹತ್ತು ನಿಮಿಷ ರಿಪೋರ್ಟು ನೋಡುವುದರಲ್ಲೇ ಮುಗಿದಿರುತ್ತದೆ.

ಅದೇ ಮಾತನ್ನು ಪೋಷಕರ ಬಳಗದ ಸಭೆಯಲ್ಲಿ ಆಡಿದಾಗ ಎದುರಿನ ಕುರ್ಚಿಯಿಂದ ಬರುವ ಉತ್ತರವೇ ಬೇರೆ: ‘ನಮ್ಮನೇಲೂ ಹೀಗೇ ರೀ.’

ಅದರ ಬೆನ್ನಿಗೇ ಒಂದು ಉಪಾಯವೂ ಬರುತ್ತದೆ. ಕುಕ್ಕರ್ ಒಲೆಯ ಮೇಲಿಡುವ ಮೊದಲು ಮಗುವಿಗೆ ತೋರಿಸಿ; ‘ಮೂರು ಸಲ ಕೂಗುತ್ತೆ, ಆಮೇಲೆ ಮುಗೀತು’ ಎಂದು ಬೆರಳು ಮಡಚಿ ಎಣಿಸಿ; ಬೇಕಿದ್ದರೆ ಆಚೆ ಕೋಣೆಗೆ ಹೋಗಲು ಬಿಡಿ. ಸದ್ದಿಗಿಂತ ಸದ್ದು ಯಾವಾಗ ಬರುತ್ತದೋ ಎಂಬ ದಿಗಿಲೇ ಹೆಚ್ಚಿನ ಕಾಟ ಕೊಡುವುದುಂಟು ಎನ್ನುವುದನ್ನು ಆ ಇನ್ನೊಬ್ಬ ತಾಯಿ ತನ್ನ ಅಡುಗೆಮನೆಯಲ್ಲೇ ಕಂಡುಕೊಂಡಿರುತ್ತಾಳೆ.

ಅಪಾರ್ಟ್‌ಮೆಂಟಿನ ಸಭಾಂಗಣ, ಭಾನುವಾರ ಖಾಲಿಯಿರುವ ಶಾಲೆಯ ಕೊಠಡಿ, ಥೆರಪಿ ಕೇಂದ್ರದ ವರಾಂಡ, ಯಾರದೋ ಮನೆಯ ನಡುಮನೆ: ಇಂಥ ಬಳಗಕ್ಕೆ ಜಾಗ ಯಾವುದಾದರೂ ಆದೀತು. ತಿಂಗಳಿಗೊಮ್ಮೆ ಎರಡು ಗಂಟೆ ಸೇರುತ್ತಾರೆ. ಕಾಫಿ, ಬಿಸ್ಕತ್ತಿನ ಖರ್ಚು ಸರದಿಯ ಮೇಲೆ. ನಡೆಸುವವರೂ ಇಂಥದೇ ಮಕ್ಕಳ ಅಪ್ಪ-ಅಮ್ಮಂದಿರು. ಹೊಸಬರಿಗಿಂತ ನಾಲ್ಕಾರು ವರ್ಷ ಮೊದಲು ಈ ದಾರಿ ಹಿಡಿದವರು, ಅಷ್ಟೆ.

ಹೆಸರು ಸಿಗುವ ಮೊದಲು

ಆಟಿಸಂ ಹಿಡಿದು ಬಿಡುವ ಕಾಯಿಲೆಯಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ ಅದು. ಮಾತು, ನೋಟ, ಒಡನಾಟ, ಸದ್ದು-ಸ್ಪರ್ಶ-ರುಚಿಗಳನ್ನು ಗ್ರಹಿಸುವ ರೀತಿ ಎಲ್ಲದರಲ್ಲೂ ಆ ವ್ಯತ್ಯಾಸ ಕಾಣಿಸಬಹುದು. ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ: ಒಂದು ಮಗು ಮಾತೇ ಆಡದಿದ್ದರೆ ಇನ್ನೊಂದು ರೈಲಿನ ವೇಳಾಪಟ್ಟಿಯನ್ನೇ ಬಾಯಿಪಾಠ ಒಪ್ಪಿಸೀತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರಿಗೆ ಆಟಿಸಂ ಇದೆ.

ಎರಡು ವರ್ಷವಾದರೂ ಮಗು ಕರೆದರೆ ತಿರುಗುತ್ತಿಲ್ಲ ಎಂದಾಗ ನಮ್ಮಲ್ಲಿ ಮೊದಲು ಬರುವುದು ಸಮಾಧಾನದ ಮಾತು. ‘ಗಂಡುಮಕ್ಕಳಿಗೆ ಮಾತು ತಡ.’ ‘ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು.’ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಹರಕೆ ಕಟ್ಟಿಕೊಳ್ಳುತ್ತಾರೆ. ಎಲ್ಲದರ ಹಿಂದೆಯೂ ಇರುವುದು ಅಕ್ಕರೆಯೇ. ಆದರೆ ಕಾಯುತ್ತ ಕಳೆದ ಆ ತಿಂಗಳುಗಳು ಮಗುವಿಗೆ ಬೇಗ ನೆರವು ಸಿಗಬೇಕಾದ ತಿಂಗಳುಗಳಾಗಿರುತ್ತವೆ. ಬಳಗದಲ್ಲಿ ಪಳಗಿದವರು ಹೊಸಬರಿಗೆ ಮೊದಲು ಹೇಳುವುದೇ ಇದನ್ನು: ಹರಕೆ ತೀರಿಸಿ, ಬೇಡವೆನ್ನುವುದಿಲ್ಲ, ಈ ವಾರವೇ ಪರೀಕ್ಷೆಯನ್ನೂ ಮಾಡಿಸಿ.

ಎಲ್ಲಿಗೆ ಹೋಗಬೇಕು ಎಂಬ ಪಟ್ಟಿಯೂ ಅವರ ಬಳಿ ಸಿದ್ಧವಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, 1995ರಲ್ಲಿ ಆರಂಭವಾದ ‘ಆಶಾ’ ಅಕಾಡೆಮಿ, ವಾಕ್ ತಜ್ಞೆ ಪ್ರತಿಭಾ ಕಾರಂತರು ರೂಪಿಸಿದ ‘ಕಾಮ್ ಡೀಲ್’ ಕಾರ್ಯಕ್ರಮ. ಯಾವ ಕಾಗದ ಜತೆಗಿರಬೇಕು, ಬೆಳಗ್ಗೆ ಎಷ್ಟು ಗಂಟೆಗೆ ಸರದಿಯಲ್ಲಿ ನಿಂತರೆ ಒಳ್ಳೆಯದು ಎಂಬಂಥ ವಿವರಗಳನ್ನು ಹೇಳಲು ಹೋಗಿಬಂದವರೇ ಬೇಕು.

ಆರೋಪ ಹೊತ್ತ ತಾಯಂದಿರು ಕಟ್ಟಿದ್ದು

ಈ ಬಳಗಗಳ ಬೇರು ಒಂದು ದೊಡ್ಡ ಅನ್ಯಾಯದಲ್ಲಿದೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ದಾಖಲಿಸಿ ಆಟಿಸಂಗೆ ಒಂದು ಚಿತ್ರ ಕೊಟ್ಟರು. ಮುಂದಿನ ಎರಡು ದಶಕ, ತಾಯಿಯ ಮಮತೆ ಸಾಲದೆ ಮಗು ಹೀಗೆ ತನ್ನೊಳಗೆ ಮುದುಡಿಕೊಂಡಿತು ಎಂಬ ವಾದವೇ ಮೇಲುಗೈ ಪಡೆಯಿತು. ಅಂಥ ತಾಯಿಯನ್ನು ತಣ್ಣಗಿನ ಫ್ರಿಜ್ಜಿಗೆ ಹೋಲಿಸಿದ ಮಾತೂ ಚಾಲ್ತಿಗೆ ಬಂತು. ಮಗುವಿನ ಸ್ಥಿತಿಗೆ ತಾನೇ ಕಾರಣ ಎಂಬ ಆರೋಪ ಹೊತ್ತು ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿದ್ದ ಕಾಲ ಅದು.

1962ರಲ್ಲಿ ಲಂಡನ್ನಿನ ಕೆಲವು ಪೋಷಕರು ಒಂದುಗೂಡಿದರು. ಇಂದಿನ ‘ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ’ ಬೆಳೆದದ್ದು ಆ ಪುಟ್ಟ ಗುಂಪಿನಿಂದ. ಅದೇ ವರ್ಷ ಸಿಬಿಲ್ ಎಲ್ಗರ್ ಎಂಬ ಮಾಂಟೆಸರಿ ಶಿಕ್ಷಕಿ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಈ ಮಕ್ಕಳಿಗೆ ಪಾಠ ಶುರು ಮಾಡಿದರು. ಕಲಿಸಲು ಸಾಧ್ಯವೇ ಇಲ್ಲ ಎಂದು ಶಾಲೆಗಳು ಕೈಬಿಟ್ಟ ಮಕ್ಕಳು ಅಲ್ಲಿ ಕಲಿತರು. ಮೂರೇ ವರ್ಷಕ್ಕೆ ಪೋಷಕರ ಸಂಘ ಲಂಡನ್ನಿನ ಈಲಿಂಗ್‌ನಲ್ಲಿ ಸ್ವಂತ ಶಾಲೆ ತೆರೆಯಿತು. ಸಂಘದ ಸ್ಥಾಪಕರಲ್ಲಿ ಒಬ್ಬರಾದ ಲೋರ್ನಾ ವಿಂಗ್ ಸ್ವತಃ ಮನೋವೈದ್ಯೆ. ಆಟಿಸಂ ಇದ್ದ ಮಗಳ ತಾಯಿ. ಅವರು ಜೂಡಿತ್ ಗೂಲ್ಡ್ ಜತೆ ನಡೆಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನ, ಆಟಿಸಂ ಎಂದರೆ ಒಂದೇ ಅಚ್ಚಿನ ಸ್ಥಿತಿಯಲ್ಲ, ಹಲವು ಛಾಯೆಗಳ ಹರವು ಎಂಬ ಇಂದಿನ ತಿಳಿವಳಿಕೆಗೆ ದಾರಿಯಾಯಿತು. ಅತ್ತ ಅಮೆರಿಕದಲ್ಲಿ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ತಾಯಿಯ ಮೇಲಿನ ಆರೋಪವನ್ನು ಅಲ್ಲಗಳೆದು ಪುಸ್ತಕ ಬರೆದರು. ಅವರೂ ಆಟಿಸಂ ಇದ್ದ ಮಗನ ತಂದೆ. ಮರುವರ್ಷವೇ ಅಲ್ಲಿ ಪೋಷಕರ ರಾಷ್ಟ್ರೀಯ ಸಂಘ ಹುಟ್ಟಿತು.

ಭಾರತದಲ್ಲಿ ಈ ಎಳೆ ಹಿಡಿದವರೂ ಒಬ್ಬ ತಾಯಿಯೇ. ಮೆರಿ ಬರುವಾ 1991ರಲ್ಲಿ ದೆಹಲಿಯಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಸ್ಥಾಪಿಸಿದರು. 1995ರಲ್ಲಿ ಬಂದ ಅಂಗವಿಕಲರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. ಆಟಿಸಂ ಅದರಲ್ಲಿ ಇರಲಿಲ್ಲ. ಕಾನೂನಿನ ಪುಟದಲ್ಲಿ ಹೆಸರಿಲ್ಲದ ಮಗುವಿಗೆ ಪ್ರಮಾಣಪತ್ರವೂ ಇಲ್ಲ, ಸವಲತ್ತೂ ಇಲ್ಲ. ಬುದ್ಧಿಮಾಂದ್ಯತೆ, ಆಟಿಸಂ ಮುಂತಾದ ಸ್ಥಿತಿಗಳಿರುವವರ ಪೋಷಕರ ಸಂಘಗಳನ್ನು ಒಂದೇ ಸೂರಿನಡಿ ತರುವ ‘ಪರಿವಾರ್’ ಒಕ್ಕೂಟ ಹುಟ್ಟಿದ್ದು ಅದೇ ವರ್ಷ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಟ್ಟು ಗುರುತಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಸ್ಥಿತಿಗಳ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡಿತು. ಇಂದು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲು ಹೊರಟ ಹೊಸಬರ ಜತೆ ಬಳಗದ ಹಳಬರೊಬ್ಬರು ಜಿಲ್ಲಾಸ್ಪತ್ರೆಯವರೆಗೂ ಹೋಗಿ ಬರುತ್ತಾರೆ ಎಂದರೆ ಅದರ ಹಿಂದೆ ಇಷ್ಟು ದೊಡ್ಡ ನಡಿಗೆಯಿದೆ.

ಸಭೆಯೊಳಗೆ

ಒಳ್ಳೆಯ ಬಳಗದ ಕಟ್ಟಳೆಗಳು ಕೆಲವೇ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯಬೇಕು. ಮಕ್ಕಳ ಫೋಟೊ ತೆಗೆಯಬಾರದು. ಒಬ್ಬರ ಮಗುವನ್ನು ಇನ್ನೊಬ್ಬರ ಮಗುವಿನ ಜತೆ ತೂಗಬಾರದು. ಔಷಧಿಯ ಸಲಹೆ ಕೊಡಬಾರದು. ಅತ್ತರೆ ಅಳಲು ಬಿಡಬೇಕು.

ಮಕ್ಕಳಿಗೆ ಪಕ್ಕದ ಕೋಣೆ. ಅಲ್ಲಿ ಟ್ಯೂಬ್‌ಲೈಟ್ ಆರಿಸಿ ಕಿಟಕಿ ತೆರೆದಿರುತ್ತಾರೆ. ಕೆಲವು ಮಕ್ಕಳಿಗೆ ಆ ಬೆಳಕಿನ ಮಿಣುಕು, ಗುಂಯ್‌ಗುಡುವ ಸದ್ದು ಸಹಿಸಲಾಗುವುದಿಲ್ಲ. ನೀರಿನ ಟಬ್ಬು, ರಾಗಿ ತುಂಬಿದ ಬುಟ್ಟಿ, ಹೊದ್ದು ಕೂರಲು ದಪ್ಪ ಕಂಬಳಿ. ಕಾಲೇಜು ಹುಡುಗ-ಹುಡುಗಿಯರು ಸ್ವಯಂಸೇವಕರಾಗಿ ಬಂದು ಮಕ್ಕಳ ಜತೆ ಇರುತ್ತಾರೆ. ಎರಡು ಗಂಟೆ ಯಾರೋ ಮಗುವನ್ನು ನೋಡಿಕೊಳ್ಳುತ್ತಾರೆ ಎಂಬುದೇ ಎಷ್ಟೋ ತಾಯಂದಿರಿಗೆ ವರ್ಷಗಳ ಮೇಲೆ ಸಿಕ್ಕ ಬಿಡುವು.

ಈಚೆ ಕೋಣೆಯಲ್ಲಿ ಮಾತು ಸಾಗುವುದು ಸಣ್ಣಪುಟ್ಟ ಸಂಗತಿಗಳಲ್ಲೇ. ಕ್ಷೌರಕ್ಕೆ ಕೂರದ ಮಗುವನ್ನು ಏನು ಮಾಡುವುದು? ಜನ ಕಡಿಮೆಯಿರುವ ದಿನ ನೋಡಿ, ಅಂಗಡಿಯವರಿಗೆ ಮೊದಲೇ ಹೇಳಿ ಹೋಗಿ. ಮೊದಲ ದಿನ ಕುರ್ಚಿಯಲ್ಲಿ ಕೂತು ಬಂದರೆ ಸಾಕು. ಮದುವೆಮನೆಗೆ? ವಾಲಗ ಜೋರಾಗುವ ಮುಹೂರ್ತದ ಹೊತ್ತು ತಪ್ಪಿಸಿ, ಆರತಕ್ಷತೆ ಶುರುವಾಗುವ ಮೊದಲೇ ಹೋಗಿ ಹರಸಿ ಬನ್ನಿ. ದೀಪಾವಳಿಗೆ ಕಿವಿ ಮುಚ್ಚುವ ಹೆಡ್‌ಫೋನು. ಬಸ್ಸಿನಲ್ಲಿ ಜನ ದುರುಗುಟ್ಟಿ ನೋಡಿದರೆ? ಅದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ.

ಅಪ್ಪಂದಿರು ತಡವಾಗಿ ಬಾಯಿ ಬಿಡುತ್ತಾರೆ. ಮೊದಮೊದಲು ಕಾರು ನಿಲ್ಲಿಸಿ ಹೊರಗೇ ಕಾಯುವವರೂ ಉಂಟು. ಅವರನ್ನು ಒಳಗೆ ಕರೆತರುವುದು ಇನ್ನೊಬ್ಬ ಅಪ್ಪನೇ. ಅಣ್ಣ-ತಂಗಿಯರ ಪಾಡೂ ಇದೆ: ಎಲ್ಲರ ಗಮನ ಒಂದು ಮಗುವಿನ ಮೇಲಿರುವ ಮನೆಯಲ್ಲಿ ಜಾಣರಾಗಿ, ತಂಟೆ ಮಾಡದೆ ಬೆಳೆಯುವುದನ್ನು ಕಲಿತ ಮಕ್ಕಳು ಅವರು. ಅವರಿಗಾಗಿಯೇ ಒಂದು ದಿನ ಪ್ರವಾಸ ಇಟ್ಟುಕೊಳ್ಳುವ ಬಳಗಗಳು ಮಾಡುತ್ತಿರುವುದು ಬಲು ದೊಡ್ಡ ಕೆಲಸ.

ತಜ್ಞರಲ್ಲದವರ ಕೈಯಲ್ಲಿ

ಪರಿಣತರಲ್ಲದವರಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರ ನಮ್ಮ ನೆರೆಯಲ್ಲೇ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2016ರ ಹೊತ್ತಿಗೆ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಮೂಲಕ ಪೋಷಕರಿಗೆ ಮಗುವಿನ ಜತೆ ಆಡುವ, ಅದರ ಸನ್ನೆಗೆ ಓಗೊಡುವ ರೀತಿಯನ್ನು ಹೇಳಿಕೊಡಲಾಯಿತು. ಆ ಪೋಷಕರು ಮಗುವಿನ ಸನ್ನೆಗೆ ಹೆಚ್ಚು ಸ್ಪಂದಿಸತೊಡಗಿದರು. ಮಕ್ಕಳೂ ತಾವಾಗಿಯೇ ಅಪ್ಪ-ಅಮ್ಮನೊಡನೆ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ತರಬೇತಿಯೂ ಇದೇ ಬುನಾದಿಯ ಮೇಲಿದೆ: ಗುಂಪಿನಲ್ಲಿ ಒಂಬತ್ತು ಸಲ ಕಲಿಕೆ, ಮೂರು ಸಲ ಮನೆಭೇಟಿ. ಆಟಕ್ಕೆ ದುಬಾರಿ ಸಾಮಾನು ಬೇಡ. ಬಟ್ಟೆ ಮಡಚುವುದು, ಬಟಾಣಿ ಸುಲಿಯುವುದೂ ಪಾಠವಾಗುತ್ತದೆ.

ಬಳಗ ಕಾವಲನ್ನೂ ಕಾಯುತ್ತದೆ. ಆಟಿಸಂ ‘ಗುಣಪಡಿಸುತ್ತೇವೆ’ ಎಂದು ಲಕ್ಷಗಟ್ಟಲೆ ಕೇಳುವವರು ಹೆತ್ತವರ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಈ ಸುದ್ದಿ, ಒಡವೆ ಅಡವಿಡಲು ಹೊರಟ ಕುಟುಂಬಕ್ಕೆ ಸರಿಯಾದ ಹೊತ್ತಿಗೆ ತಲುಪಬೇಕು. ಅದನ್ನು ತಲುಪಿಸುವುದು ಬಹಳ ಸಲ ಇನ್ನೊಬ್ಬ ತಾಯಿಯ ಫೋನ್ ಕರೆ.

ಪೋಷಕರೂ ಕಲಿಯಬೇಕಾದ್ದಿದೆ. ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್ 1993ರಲ್ಲಿ ಟೊರಾಂಟೊದ ಸಮ್ಮೇಳನವೊಂದರಲ್ಲಿ ಹೆತ್ತವರನ್ನೇ ಉದ್ದೇಶಿಸಿ, ನಮಗಾಗಿ ಶೋಕಿಸಬೇಡಿ ಎಂಬ ಅರ್ಥದ ಮಾತನ್ನಾಡಿದರು. ಕಾಣದ ಮಗುವಿನ ಕನಸಿಗಾಗಿ ಅಳುತ್ತ ಕೂತರೆ ಕಣ್ಣೆದುರಿನ ಮಗು ಒಂಟಿಯಾಗುತ್ತದೆ ಎಂಬುದು ಅದರ ತಿರುಳು. ಆಟಿಸಂ ಇರುವ ದೊಡ್ಡವರನ್ನು ಸಭೆಗೆ ಕರೆದು ಕೇಳಿಸಿಕೊಳ್ಳುವ ಬಳಗಗಳಿಗೆ, ಮಗು ಕೈ ಬಡಿದುಕೊಳ್ಳುವುದನ್ನು ನಿಲ್ಲಿಸುವುದಕ್ಕಿಂತ ಯಾಕೆ ಬಡಿದುಕೊಳ್ಳುತ್ತದೆ ಎಂದು ತಿಳಿಯುವುದು ಮುಖ್ಯ ಎಂಬುದು ಬೇಗ ಅರಿವಾಗುತ್ತದೆ.

‘ನಮ್ಮ ನಂತರ?’

ಮಕ್ಕಳು ಬೆಳೆಯುತ್ತಾರೆ, ಹೆತ್ತವರಿಗೆ ವಯಸ್ಸಾಗುತ್ತದೆ. ಲಂಡನ್ನಿನ ಆ ಪೋಷಕರೂ ಇದೇ ತಿರುವಿಗೆ ಬಂದರು. 1974ರಲ್ಲಿ ಅವರ ಸಂಘವೇ ಸೋಮರ್ಸೆಟ್ ಸೀಮೆಯಲ್ಲಿ, ಆಟಿಸಂ ಇರುವ ವಯಸ್ಕರು ವಾಸಿಸಲೆಂದು ಸೋಮರ್ಸೆಟ್ ಕೋರ್ಟ್ ಎಂಬ ನೆಲೆಯನ್ನು ತೆರೆಯಿತು.

ನಮ್ಮಲ್ಲಿ ಮಗುವಿಗೆ 18 ತುಂಬಿದ ದಿನವೇ ಈ ಪ್ರಶ್ನೆ ಕಾಗದದ ಮೇಲೆ ಬರುತ್ತದೆ. ಆಮೇಲೆ ಅಪ್ಪ-ಅಮ್ಮನೂ ಕಾನೂನಿನ ಕಣ್ಣಲ್ಲಿ ತಾವಾಗಿಯೇ ಪಾಲಕರಲ್ಲ. ಪಾಲಕತ್ವ ಬೇಕಿದ್ದರೆ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಯ ಜತೆ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೂ ಅಂಗವೈಕಲ್ಯ ಇರುವ ಒಬ್ಬರೂ ಇರುತ್ತಾರೆ. ನೋಂದಾಯಿಸಿಕೊಂಡ ಪೋಷಕರ ಸಂಘವನ್ನೂ ಕಾಯ್ದೆ ಇಂಥ ಸಂಸ್ಥೆಯೆಂದೇ ಎಣಿಸುತ್ತದೆ. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಒಪ್ಪಿಸಬೇಕು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಯೂ ಇದೇ ನ್ಯಾಸದ್ದು. ಈ ಅರ್ಜಿಗಳನ್ನು ತುಂಬಲು ನೆರವಾಗುವುದಕ್ಕೆಂದೇ ಕೆಲವು ಸಭೆಗಳು ಮೀಸಲು.

ಸರ್ಕಾರದ ಯಾವ ಅರ್ಜಿಯಲ್ಲೂ ಜಾಗವಿಲ್ಲದ ಇನ್ನೊಂದು ದಾಖಲೆಯನ್ನೂ ಬಳಗದವರು ಬರೆಸುತ್ತಾರೆ. ಇನ್ನೂರು ಪುಟದ ಸಾದಾ ನೋಟ್‌ಬುಕ್ಕು. ಬೆಳಗ್ಗೆ ಏಳುವ ಹೊತ್ತು, ಮಾತ್ರೆಯ ಹೆಸರು, ಹೆದರಿಸುವ ಸದ್ದುಗಳು, ಮಲಗಲು ಬೇಕಾದ ಹಳೆಯ ದುಪ್ಪಟಿ. ಕರೆಂಟು ಹೋದರೆ ಟಾರ್ಚ್ ಎಲ್ಲಿದೆ ಎಂದು ಮೊದಲು ತೋರಿಸಿ. ಹೊಟ್ಟೆ ನೋವೆಂದು ಹೇಳಲು ಬಾರದು. ಮೊಣಕಾಲು ಎದೆಗೆ ಒತ್ತಿಕೊಂಡರೆ ಅದು ಹೊಟ್ಟೆ ನೋವು. ಒಂದು ಪ್ರತಿ ತಂಗಿಗೆ, ಒಂದು ಪಕ್ಕದ ಮನೆಯವರಿಗೆ, ಒಂದು ಬಳಗದ ಗೆಳೆಯರಿಗೆ. ಊಟದ ಪುಟದಲ್ಲಿ ಅಮ್ಮನ ಕೈಬರಹ: ಅನ್ನಕ್ಕೆ ಮೊಸರು ಕಲೆಸಬೇಡಿ, ಬಟ್ಟಲಲ್ಲಿ ಬೇರೆಯಾಗಿ ಕೊಡಿ, ಅವನೇ ಕಲೆಸಿಕೊಳ್ಳುತ್ತಾನೆ.