ವಾಚ್ 118 ಅಂದರೆ ಬೆರಳಿಟ್ಟು ಎಣಿಸಿ

ಪಿ.ಜೆ. ಬಡಾವಣೆಯ ನಮ್ಮ ಬಾಡಿಗೆ ರೂಮಿನಲ್ಲಿ ನಾಲ್ವರಿದ್ದೇವೆ. ಸ್ಮಾರ್ಟ್ ವಾಚುಗಳು ಮೂರಿವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ನಾವಿನ್ನೂ ಹೈಸ್ಕೂಲು. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಸಾಲುಸಾಲಾಗಿ ಬಂದವು. ಜಯದೇವ ಆಸ್ಪತ್ರೆಗಳ ಮುಂದೆ ಜನ ಕ್ಯೂ ನಿಂತರು. ಪ್ರಕರಣಗಳು ಅಸಹಜವಾಗಿ ಏರಿಲ್ಲ ಎಂದು ತಜ್ಞರ ಸಮಿತಿ ಹೇಳಿದರೂ ನಮ್ಮ ಭಯ ಇಳಿಯಲಿಲ್ಲ. ಈಗ ರೂಮಿನಲ್ಲಿ ಟೈಮ್‌ಗಿಂತ ಹಾರ್ಟ್ ರೇಟ್ ನೋಡುವುದೇ ಹೆಚ್ಚು.

ಕ್ಯಾಂಪಸ್ ಸಂದರ್ಶನದ ಹಿಂದಿನ ರಾತ್ರಿ ಗೆಳೆಯನೊಬ್ಬ "ಲೇ, 118 ತೋರಿಸ್ತೈತೆ, ನೋಡಲೇ" ಎಂದು ನನ್ನನ್ನು ಎಬ್ಬಿಸಿದ. ಎರಡು ಲೋಟ ಕಾಫಿ ಕುಡಿದಿದ್ದ, ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದ, ನಾಳೆಯ ಚಿಂತೆ ಬೇರೆ. ಗೋಡೆಗೊರಗಿಸಿ ಕೂರಿಸಿ, ಐದು ನಿಮಿಷ ಬಿಟ್ಟು ಬೆರಳಿಟ್ಟು ಎಣಿಸಿದೆ. 30 ಸೆಕೆಂಡಿಗೆ 43, ಅಂದರೆ ನಿಮಿಷಕ್ಕೆ 86.

ವಾಚ್ ಎದೆಬಡಿತವನ್ನು ನೇರವಾಗಿ ಎಣಿಸುವುದಿಲ್ಲ. ಅದರ ಹಿಂಬದಿಯ ಹಸಿರು ಎಲ್‌ಇಡಿ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ರಕ್ತ ನುಗ್ಗಿದಾಗ ಹಿಂತಿರುಗುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವೇ ವಾಚಿನ ಲೆಕ್ಕ. ಬೆಲ್ಟ್ ಸಡಿಲವಿದ್ದರೆ, ಕೈ ಅಲ್ಲಾಡುತ್ತಿದ್ದರೆ ಸಿಗ್ನಲ್ ಜೊತೆ ನಾಯ್ಸ್ ಸೇರುತ್ತದೆ. ಕೆಲವೊಮ್ಮೆ ನಡಿಗೆಯ ಹೆಜ್ಜೆಗಳನ್ನೇ ಬಡಿತವೆಂದು ಎಣಿಸಿಬಿಡುತ್ತದೆ! ಸಿಗ್ನಲ್ ಪ್ರೊಸೆಸಿಂಗ್ ಓದಿದವರಿಗೆ ಇದೇನೂ ಆಶ್ಚರ್ಯವಲ್ಲ.

ಬೆರಳಿಗೆ ಚಾರ್ಜಿಂಗ್ ಬೇಡ. ಅಂಗೈ ಮೇಲಾಗಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳನ್ನು ಹಗುರವಾಗಿ ಇಡಿ. ಹೆಬ್ಬೆರಳಿಂದ ಹಿಡಿಯಬೇಡಿ, ಅದರದೇ ಮಿಡಿತ ಗೊಂದಲ ಮಾಡುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಮಿಡಿತ ತಾಳ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಬೆಳಿಗ್ಗೆ ಎದ್ದ ತಕ್ಷಣ, ಕಾಫಿಗೆ ಮುಂಚೆ, ಒಂದು ವಾರ ಬರೆದಿಟ್ಟರೆ ನಿಮ್ಮ ಮಾಮೂಲು ಸಂಖ್ಯೆ ಗೊತ್ತಾಗುತ್ತದೆ.

ವಯಸ್ಕರಿಗೆ ವಿಶ್ರಾಂತಿಯಲ್ಲಿ 60ರಿಂದ 100 ಸಾಮಾನ್ಯ. ಚೆನ್ನಾಗಿ ತರಬೇತಾದ ಓಟಗಾರರಿಗೆ 40ರ ಆಸುಪಾಸಿಗೂ ಇಳಿಯಬಹುದು. ಜ್ವರ, ರಕ್ತಹೀನತೆ, ಥೈರಾಯ್ಡ್, ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯದೆ ಅಲೆಯುವುದು, ಎಲ್ಲವೂ ಬಡಿತ ಏರಿಸುತ್ತವೆ. ವ್ಯಾಯಾಮಕ್ಕೆ 220ರಲ್ಲಿ ವಯಸ್ಸು ಕಳೆಯುವ ಅಂದಾಜು ಲೆಕ್ಕವಿದೆ. ಇಪ್ಪತ್ತರ ನನಗೆ ಗರಿಷ್ಠ 200, ಚುರುಕು ನಡಿಗೆಯಲ್ಲಿ 100ರಿಂದ 140 ಇದ್ದರೆ ಸರಿ.

ಸುಮ್ಮನೆ ಕೂತಾಗಲೂ ದಿನಗಟ್ಟಲೆ 100 ದಾಟುತ್ತಿದ್ದರೆ, ತಾಳ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹೃದಯಾಘಾತವಾದಾಗಲೂ ನಾಡಿ 75 ಇರಬಹುದು. ಎದೆ ಹಿಂಡಿದ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರಿದರೆ, ಪ್ರಜ್ಞೆ ತಪ್ಪಿದಂತಾದರೆ ವಾಚ್ ನೋಡುತ್ತಾ ಕೂರುವ ಹೊತ್ತಲ್ಲ ಅದು. ಗ್ಯಾಸ್ ಎಂದು ಸೋಡಾ ಕುಡಿಯುವುದೂ ಬೇಡ, 108ಕ್ಕೆ ಕರೆ ಮಾಡಿ. ಪುನೀತ್ ಹೆಸರಿನಲ್ಲೇ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ.