ಮಸಲ್ ಕಾರ್ ರಿಸ್ಟೋರೇಷನ್: ಹೂಡಿಕೆಯೋ, ಹವ್ಯಾಸವೋ? ಒಂದು ಲೆಕ್ಕ

"ಹಳೇ ಮಸ್ಟಾಂಗ್ ಅಥವಾ ಶೆವೆಲ್ ಕೊಂಡು, ಮನೆಯ ಗ್ಯಾರೇಜಿನಲ್ಲೇ ಸರಿಮಾಡಿ ಮಾರಿದರೆ ಲಾಭ ಇದೆಯಾ?" ಇಲ್ಲಿ ಮಿಷಿಗನ್‌ನಲ್ಲಿ ನನ್ನ ಕಾರು ನೋಡಿದ ಕನ್ನಡದ ಗೆಳೆಯರೆಲ್ಲ ಕೇಳುವ ಪ್ರಶ್ನೆ ಇದು. ಚಿಕ್ಕ ಉತ್ತರ: ಹೆಚ್ಚಿನವರಿಗೆ ಲಾಭ ಇಲ್ಲ. ಆದರೆ ಸರಿಯಾಗಿ ಲೆಕ್ಕ ಇಟ್ಟರೆ, ಖರ್ಚಿನ ದೊಡ್ಡ ಭಾಗ ಮತ್ತೆ ಕೈಗೆ ಬರುವ ಅಪರೂಪದ ಹವ್ಯಾಸ ಇದು. ಈ ಎರಡರ ನಡುವಿನ ವ್ಯತ್ಯಾಸವನ್ನು ನನ್ನದೇ ಲೆಕ್ಕದ ಪುಸ್ತಕ ಇಟ್ಟುಕೊಂಡು ವಿವರಿಸುತ್ತೇನೆ.

ಯಾವ ಕಾರು, ಯಾಕೆ?

1964ರಲ್ಲಿ ಪಾಂಟಿಯಾಕ್ ತನ್ನ ಮಧ್ಯಮ ಗಾತ್ರದ ಕಾರಿಗೆ 389 ಕ್ಯೂಬಿಕ್ ಇಂಚಿನ ದೊಡ್ಡ ವಿ8 ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಿತು. ಮಸಲ್ ಕಾರುಗಳ ಕಾಲ ಶುರುವಾದದ್ದು ಅಲ್ಲಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ದುಬಾರಿ ಇನ್ಶೂರೆನ್ಸ್, ಹೊಗೆ ನಿಯಂತ್ರಣದ ಕಾನೂನು, 1973ರ ತೈಲ ಬಿಕ್ಕಟ್ಟು ಸೇರಿ ಹತ್ತೇ ವರ್ಷದಲ್ಲಿ ಅದನ್ನು ಮುಗಿಸಿದವು.

ಈ ಮಾರುಕಟ್ಟೆಯಲ್ಲಿ ಬೆಲೆ ಇರುವುದು ಕಾಗದಕ್ಕೆ. ಉದಾಹರಣೆಗೆ 1968ರ ಶೆವರ್ಲೆ ಶೆವೆಲ್. ವಿನ್ ನಂಬರ್ 138 ಎಂದು ಶುರುವಾದರೆ ಅದು ಕಾರ್ಖಾನೆಯಿಂದಲೇ ಎಸ್‌ಎಸ್ 396 ಆಗಿ ಬಂದ ಕಾರು. 136 ಇದ್ದರೆ ವಿ8 ಎಂಜಿನ್‌ನ ಮಾಲಿಬು. ಮೇಲೆ ಎಸ್‌ಎಸ್ ಬ್ಯಾಡ್ಜ್ ಎಷ್ಟೇ ಹೊಳೆಯುತ್ತಿದ್ದರೂ ಅಷ್ಟೇ. 1969ರಲ್ಲಿ ಎಸ್‌ಎಸ್ ಬರೀ ಆಪ್ಷನ್ ಪ್ಯಾಕೇಜ್ ಆಯಿತು, ಹಾಗಾಗಿ ಆ ವರ್ಷದ ವಿನ್ ನೋಡಿ ಏನೂ ಹೇಳಲಾಗುವುದಿಲ್ಲ. ಹಳೆಯ ಬಿಲ್ಡ್ ಶೀಟ್ ಇಲ್ಲದೆ ಎಸ್‌ಎಸ್ ಬೆಲೆ ಕೊಡಬೇಡಿ.

ನಾನು ಬೇಕೆಂದೇ 1968ರ ಸಾಮಾನ್ಯ ಮಾಲಿಬು ಆರಿಸಿಕೊಂಡೆ. ಅಸಲಿ ಎಸ್‌ಎಸ್‌ ಕಾರಿನಲ್ಲಿ ಏನು ಬದಲಾಯಿಸಿದರೂ ಬೆಲೆ ಇಳಿಯುತ್ತದೆ. ಮಾಲಿಬುವಿನಲ್ಲಿ ನನ್ನ ಕೈಗೆ ಸ್ವಾತಂತ್ರ್ಯ ಇತ್ತು.

ಹಣ ನುಂಗುವುದು ತುಕ್ಕು

ಎಂಜಿನ್ ಕೆಟ್ಟಿದ್ದರೆ ಹೆದರಬೇಡಿ, ಅದಕ್ಕೆ ಬೆಲೆ ಕಟ್ಟಬಹುದು. ತುಕ್ಕಿಗೆ ಕಟ್ಟಲಾಗುವುದಿಲ್ಲ. ಮಿಷಿಗನ್‌ನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕೆಳಗಿನಿಂದ ತಿನ್ನುತ್ತದೆ. ವಿಂಡ್‌ಶೀಲ್ಡ್ ಕೆಳಗಿನ ಗಾಳಿಕಿಂಡಿಯಲ್ಲಿ ಎಲೆ ಕಟ್ಟಿಕೊಂಡು ಒಳಗಿಳಿಯುವ ನೀರು ಮೇಲಿನಿಂದ ತಿನ್ನುತ್ತದೆ. ನೋಡಲು ಹೋಗುವಾಗ ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಒಯ್ಯಿರಿ. ಅಯಸ್ಕಾಂತ ಅಂಟದ ಕಡೆ ಬಣ್ಣದ ಕೆಳಗೆ ಪುಟ್ಟಿ ಇದೆ ಎಂದರ್ಥ.

ನಮ್ಮೂರಲ್ಲಿ ಟಿಂಕರಿಂಗ್ ಅನ್ನುವ ಕೆಲಸ ಇಲ್ಲಿಂದ ಶುರು. ಫ್ಲೋರ್ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡ ಪೈಪು ವೆಲ್ಡ್ ಮಾಡಿ ಬಿಗಿಯಬೇಕು. ಇಲ್ಲದಿದ್ದರೆ ಬಾಡಿ ಬಾಗಿ, ಆಮೇಲೆ ಬಾಗಿಲೇ ಕೂರುವುದಿಲ್ಲ. ರಟ್ಟಿನಲ್ಲಿ ಅಳತೆ ತೆಗೆದು, 18 ಗೇಜ್ ತಗಡು ಕತ್ತರಿಸಿ, 0.023 ಇಂಚಿನ ವೈರ್ ಹಾಕಿದ ಮಿಗ್ ವೆಲ್ಡರ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಸೆಯಬೇಕು. ಇಲ್ಲೊಂದು ಚುಕ್ಕಿ, ಅದು ಆರುವಷ್ಟರಲ್ಲಿ ದೂರದಲ್ಲಿ ಇನ್ನೊಂದು. ಒಂದೇ ಉಸಿರಿಗೆ ಗೆರೆ ಎಳೆದರೆ ಬಿಸಿಗೆ ತಗಡು ಅಲೆ ಅಲೆಯಾಗುತ್ತದೆ.

ಸುರಕ್ಷತೆಯಲ್ಲಿ ಉಳಿತಾಯ ಬೇಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ ಜಾಗದಲ್ಲಿ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಈಗಿನ ಯುರೆಥೇನ್ ಪೇಂಟ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಹಾಗಾಗಿ ಪೇಂಟಿಂಗ್ ನಾನು ಹೊರಗೆ ಕೊಟ್ಟೆ.

ಬಿಚ್ಚಬಹುದಾದ ಬದಲಾವಣೆ

ನನ್ನ ಕಾರಿನಲ್ಲಿದ್ದದ್ದು ಎರಡೇ ಗೇರಿನ ಪವರ್‌ಗ್ಲೈಡ್. ಹೈವೇಗೆ ಹೋದರೆ ಎಂಜಿನ್ ಕಿರುಚುತ್ತಿತ್ತು. ಅದರ ಬದಲು ಓವರ್‌ಡ್ರೈವ್ ಇರುವ, 1980ರ ದಶಕದ ಜಿಎಂ 200-4ಆರ್ ಹಾಕಿದೆ. ಎರಡರ ಉದ್ದ ಒಂದೇ ಆದ್ದರಿಂದ ಡ್ರೈವ್‌ಶಾಫ್ಟ್ ಬದಲಾಯಿಸಬೇಕಾಗಲಿಲ್ಲ. ಆದರೆ ಮೌಂಟ್ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಕ್ರಾಸ್‌ಮೆಂಬರ್ ಸರಿಸಲು ದಪ್ಪ ಉಕ್ಕಿನ ಪ್ಲೇಟಿನಲ್ಲಿ ಬ್ರಾಕೆಟ್ ಮಾಡಿದೆ. ಫ್ರೇಮಿಗೆ ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಕೂರಿಸಿದೆ, ಹಳೇ ಗೇರ್‌ಬಾಕ್ಸ್ ಶೆಲ್ಫ್ ಮೇಲೆ ಇಟ್ಟಿದ್ದೇನೆ. ನಾಳೆ ಕೊಳ್ಳುವವನಿಗೆ ಮೂಲರೂಪ ಬೇಕಿದ್ದರೆ ಒಂದು ವೀಕೆಂಡ್‌ನ ಕೆಲಸ. ಬೋಲ್ಟ್ ಬಿಚ್ಚಿದರೆ ಹಿಂದಿನಂತೆ ಆಗುವ ಬದಲಾವಣೆ ಬೆಲೆ ಉಳಿಸುತ್ತದೆ. ಫ್ರೇಮ್ ಕತ್ತರಿಸಿದ ಬದಲಾವಣೆ ಕೊಳ್ಳುವವರ ಸಂಖ್ಯೆಯನ್ನೇ ಕತ್ತರಿಸುತ್ತದೆ.

ನಾಲ್ಕು ವರ್ಷದ ಲೆಕ್ಕ (ಡಾಲರ್‌ಗಳಲ್ಲಿ)

- ಕಾರು, 6% ಸೇಲ್ಸ್ ಟ್ಯಾಕ್ಸ್, ಸಾಗಣೆ: 15,970
- ತಗಡು, ಪ್ಯಾನೆಲ್: 2,300
- ವೆಲ್ಡರ್, ಕಂಪ್ರೆಸರ್, ಇತರ ಟೂಲ್ಸ್: 3,400
- ಎಂಜಿನ್, ಮಷೀನ್ ಶಾಪ್: 5,200
- ಗೇರ್‌ಬಾಕ್ಸ್: 1,400
- ಬ್ರೇಕ್, ಸಸ್ಪೆನ್ಷನ್, ಟೈರ್: 3,900
- ವೈರಿಂಗ್, ರಬ್ಬರ್, ಕ್ರೋಮ್: 4,100
- ಸೀಟು, ಒಳಾಂಗಣ: 2,800
- ಪೇಂಟ್: 9,500
- ಇನ್ಶೂರೆನ್ಸ್: 1,600

ಒಟ್ಟು 50,170. ಇಂದು ಮಾರಿದರೆ ಸುಮಾರು 38,000 ಸಿಗಬಹುದು. ಅಂದರೆ ನಿವ್ವಳ ಖರ್ಚು 12,170. ಇದೇ ಹಣ ಸರಾಸರಿ ಎರಡು ವರ್ಷ 7% ದರದಲ್ಲಿ ಬೆಳೆದಿದ್ದರೆ ಬರುತ್ತಿದ್ದ ಸುಮಾರು 7,270 ಸೇರಿಸಿದರೆ 19,440. ತಿಂಗಳಿಗೆ 405 ಡಾಲರ್. ನಾನು ಹಾಕಿದ 1,100 ಗಂಟೆಗೆ ಭಾಗಿಸಿದರೆ ಗಂಟೆಗೆ 18 ಡಾಲರ್‌ಗೂ ಕಡಿಮೆ. ಶುರುವಿನಲ್ಲೇ ನಾನೂ ಹೆಂಡತಿಯೂ ಕೂತು ತಿಂಗಳಿಗೆ 450ರ ಮಿತಿ ಹಾಕಿಕೊಂಡಿದ್ದೆವು. ಮಗಳ 529 ಖಾತೆಗೂ 401(ಕೆ)ಗೂ ಹೋಗುವ ಹಣ ಮುಟ್ಟುವಂತಿಲ್ಲ ಎಂಬುದು ಅವಳ ಷರತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇದೇ ಕೆಲಸ ಹೊರಗೆ ಕೊಟ್ಟಿದ್ದರೆ? ನುರಿತವರು ನನ್ನ ಅರ್ಧ ಸಮಯದಲ್ಲಿ ಮುಗಿಸುತ್ತಾರೆ ಎಂದುಕೊಳ್ಳಿ. ಗಂಟೆಗೆ 100 ಡಾಲರ್ ಹಿಡಿದರೂ ಕೂಲಿಯೇ 55,000. ಸರಿಯಾದ ಕಾರು ಬೇಕು, ಕೆಲಸ ಬೇಡ ಅನ್ನುವವರು ಯಾರೋ ಮುಗಿಸಿದ ಕಾರನ್ನೇ ಕೊಳ್ಳುವುದು ಜಾಣತನ. ಅವರ ನಷ್ಟವೇ ನಿಮ್ಮ ಡಿಸ್ಕೌಂಟ್.

ಟ್ಯಾಕ್ಸ್, ವೀಸಾ, ಇನ್ಶೂರೆನ್ಸ್

ಟ್ಯಾಕ್ಸ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಸ್ವಂತ ಬಳಕೆಯ ಕಾರಿನಲ್ಲಿ ನಷ್ಟವಾದರೆ ಕಳೆಯುವಂತಿಲ್ಲ, ಲಾಭವಾದರೆ ಟ್ಯಾಕ್ಸ್ ಇದೆ. ಸಂಗ್ರಹಯೋಗ್ಯ ವಸ್ತುಗಳ ದೀರ್ಘಾವಧಿ ಲಾಭಕ್ಕೆ ಫೆಡರಲ್ ದರ ಗರಿಷ್ಠ 28%. ಷೇರಿಗೆ ಗರಿಷ್ಠ 20%. ಕ್ಲಾಸಿಕ್ ಕಾರುಗಳನ್ನು ಸಾಮಾನ್ಯವಾಗಿ ಈ ಗುಂಪಿಗೇ ಸೇರಿಸುತ್ತಾರೆ. ನನ್ನ ಲೆಕ್ಕದಲ್ಲಿ ಟೂಲ್ಸ್, ಇನ್ಶೂರೆನ್ಸ್ ಬಿಟ್ಟು ಕಾರಿನ ಅಸಲು 45,170. ನನ್ನ 1,100 ಗಂಟೆಯ ದುಡಿಮೆಗೆ ಅಸಲಿನಲ್ಲಿ ಬೆಲೆ ಸೊನ್ನೆ. ಪ್ರತಿ ರಸೀದಿಯನ್ನೂ ಸ್ಕ್ಯಾನ್ ಮಾಡಿಡಿ.

ಎಚ್-1ಬಿ ಮೇಲೆ ಇರುವವರು ಗಮನಿಸಿ. ನಿಮ್ಮ ಸ್ವಂತ ಕಾರು ನೀವು ಸರಿಮಾಡಿಕೊಳ್ಳುವುದು ಹವ್ಯಾಸ. ಒಂದಾದ ಮೇಲೆ ಒಂದು ಕೊಂಡು, ಸರಿಮಾಡಿ, ಲಾಭಕ್ಕೆ ಮಾರುವುದು ಬಿಸಿನೆಸ್ ಎನಿಸಬಹುದು, ಮತ್ತು ನಿಮಗೆ ಅನುಮತಿ ಇರುವುದು ಸ್ಪಾನ್ಸರ್ ಮಾಡಿದ ಕಂಪನಿಯ ಕೆಲಸಕ್ಕೆ ಮಾತ್ರ. ಕೆಲವು ಸಾವಿರ ಡಾಲರ್ ಲಾಭಕ್ಕೆ ಗ್ರೀನ್ ಕಾರ್ಡ್ ಪಣಕ್ಕಿಡಬೇಡಿ. ಎರಡನೇ ಕಾರಿಗೆ ಕೈಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ.

ಇನ್ಶೂರೆನ್ಸ್ 'ಅಗ್ರೀಡ್ ವ್ಯಾಲ್ಯೂ' ಇರಲಿ. ಮಾಮೂಲಿ ಪಾಲಿಸಿ ಸವಕಳಿ ಕಳೆದ ಬೆಲೆ ಕೊಡುತ್ತದೆ. ಇದು ಮೊದಲೇ ಒಪ್ಪಿದ ಮೊತ್ತ ಕೊಡುತ್ತದೆ. ಗ್ಯಾರೇಜ್ ಇರಬೇಕು, ದಿನದ ಓಡಾಟಕ್ಕೆ ಬೇರೆ ಕಾರು ಇರಬೇಕು ಎಂಬ ಷರತ್ತುಗಳು ಸಾಮಾನ್ಯ. ಕೆಲಸ ಮುಂದುವರಿದಂತೆ ಫೋಟೋ, ರಸೀದಿ ಕಳಿಸಿ ಮೊತ್ತ ಏರಿಸಿಕೊಳ್ಳಿ.

ಕೊಳ್ಳುವ ಮೊದಲು

1. ಎಮರ್ಜೆನ್ಸಿ ಫಂಡ್, ರಿಟೈರ್‌ಮೆಂಟ್, ಊರಿನ ಜವಾಬ್ದಾರಿ ಇವೆಲ್ಲ ತುಂಬಿದ ಮೇಲೆ ಉಳಿದ ಹಣ ಮಾತ್ರ. ಸಾಲ ಬೇಡ.
2. ನಿಮ್ಮ ಅಂದಾಜಿನ ಮೇಲೆ 30% ಸೇರಿಸಿ. ಆಗಲೂ ಕೈಗೆಟುಕಿದರೆ ಮುಂದೆ ಹೋಗಿ.
3. ತುಕ್ಕು ಕಡಿಮೆ ಇರುವ ಅರಿಜೋನಾ ಅಥವಾ ಟೆಕ್ಸಸ್ ಒಳನಾಡಿನ ಕಾರಿಗೆ ಸಾಗಣೆ ವೆಚ್ಚ ಕೊಟ್ಟರೂ ಲಾಭವೇ.
4. ಅರ್ಧ ಬಿಚ್ಚಿದ ಕಾರಿಗೆ ಬೆಲೆ ಅತಿ ಕಡಿಮೆ. ಇನ್ನೆರಡು ವರ್ಷದಲ್ಲಿ ಊರು ಬದಲಾಯಿಸುವ ಸಾಧ್ಯತೆ ಇದ್ದರೆ ಶುರು ಮಾಡಬೇಡಿ.

ನಿಮ್ಮ ನೆಟ್ ವರ್ತ್ ಶೀಟಿನಲ್ಲಿ ಈ ಕಾರನ್ನು ಹೂಡಿಕೆಯ ಸಾಲಿನಲ್ಲಿ ಬರೆಯಬೇಡಿ. ಮನೆಬಳಕೆಯ ವಸ್ತುಗಳ ಸಾಲಿನಲ್ಲಿ, ಮಾರಿದರೆ ಬರುವ ಬೆಲೆಯನ್ನು ಮಾತ್ರ ಬರೆಯಿರಿ. ಹಾಗೆ ಬರೆದ ಮೇಲೂ ಶನಿವಾರ ಬೆಳಗ್ಗೆ ಗ್ಯಾರೇಜಿಗೆ ಹೋಗಬೇಕು ಅನ್ನಿಸಿದರೆ, ಅದು ನಿಮಗೆ ಸರಿಯಾದ ಖರ್ಚು.